ಆಲ್ ವೀಲ್ ಡ್ರೈವ್ ಇದ್ದರೂ ವಿಂಟರ್ ಟೈರ್ ಬೇಕಾ?

"ನಮ್ಮದು ಆಲ್ ವೀಲ್ ಡ್ರೈವ್ ಎಸ್‌ಯುವಿ. ಅದಕ್ಕೂ ವಿಂಟರ್ ಟೈರ್ ಬೇಕಾ?" ಹಿಮ ಬೀಳುವ ಊರಿಗೆ ಹೊಸದಾಗಿ ಬಂದ ಗೆಳೆಯರು ಚಳಿ ಶುರುವಾಗುವ ಹೊತ್ತಿಗೆ ನನ್ನನ್ನು ಕೇಳುವ ಪ್ರಶ್ನೆ ಇದು. ಬೆನ್ನಿಗೇ ಇನ್ನೊಂದು ಬರುತ್ತದೆ: "ಬೇಕು ಅಂದರೆ ಯಾವುದು ತಗೊಳ್ಳಲಿ?" ಇಷ್ಟು ವರ್ಷ ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಿದ್ದೆ. ಈ ಸಲ ಕೂತು ಪೂರ್ತಿ ಬರೆದಿದ್ದೇನೆ.

ಬೇಕು. ಯಾಕೆ ಅಂತ ನನಗೆ ಗೊತ್ತಾಗಿದ್ದು ಒಂದು ಬೆಳಿಗ್ಗೆ.

ಮೊದಲ ಚಳಿಗಾಲವನ್ನು ಗಾಡಿಯ ಜೊತೆ ಬಂದ ಟೈರಿನಲ್ಲೇ ಕಳೆಯೋಣ ಅಂದುಕೊಂಡಿದ್ದೆ. ಅವತ್ತು ಮಕ್ಕಳನ್ನು ಸ್ಕೂಲಿಗೆ ಬಿಡಲು ಹೊರಟೆ. ರಾತ್ರಿ ಬಿದ್ದ ಹಿಮದ ಮೇಲೆ ಗಾಡಿಗಳು ಓಡಾಡಿ ರಸ್ತೆ ನುಣ್ಣಗಾಗಿತ್ತು. ಪಕ್ಕದ ಸಣ್ಣ ಕಾರಿನ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ನಮ್ಮ ಗಾಡಿ ಸಲೀಸಾಗಿ ಹೊರಟಿತು. ಮುಂದೆ ಇಳಿಜಾರು, ಅದರ ಕೊನೆಗೆ ಸಿಗ್ನಲ್. ಕೆಂಪು ದೀಪ ಬಂತು, ಬ್ರೇಕ್ ಒತ್ತಿದೆ. ಪೆಡಲ್ ಕಾಲ ಕೆಳಗೆ ಗಡಗಡ ಅದುರಿತು. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಹಿಡಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ತನ್ನ ಕೆಲಸ ಮಾಡುತ್ತಲೇ ಇತ್ತು. ಗಾಡಿ ಮಾತ್ರ ಜಾರುತ್ತಾ ಹೋಗಿ ನಾಲ್ಕು ರಸ್ತೆ ಸೇರುವ ಜಾಗದ ನಡುವೆ ನಿಂತಿತು. ಅಡ್ಡದಿಂದ ಯಾರೂ ಬರಲಿಲ್ಲ, ಅಷ್ಟೇ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಆ ವಾರವೇ ನಾಲ್ಕೂ ಟೈರ್ ಬದಲಾಯಿಸಿದೆ.

ಆಲ್ ವೀಲ್ ಡ್ರೈವ್ ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತದೆ. ಹೊರಡುವಾಗ, ದಿಣ್ಣೆ ಹತ್ತುವಾಗ ಅದರಿಂದ ನಿಜವಾಗಿಯೂ ಉಪಯೋಗ ಇದೆ. ಆದರೆ ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಅಲ್ವಾ? ನಿಲ್ಲುವ ವಿಷಯಕ್ಕೆ ಬಂದರೆ ಆಲ್ ವೀಲ್ ಡ್ರೈವ್ ಏನೂ ಮಾಡುವುದಿಲ್ಲ. ಅಲ್ಲಿ ಇರುವುದು ರಸ್ತೆಗೆ ತಾಗಿಕೊಂಡ ರಬ್ಬರ್ ಮಾತ್ರ. ಒಂದೊಂದು ಟೈರೂ ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಇನ್ನೊಂದು ತೊಂದರೆ ಇದೆ. ಎರಡೇ ಚಕ್ರ ಎಳೆಯುವ ಕಾರು ಹೊರಡುವಾಗಲೇ ಜಾರಿ, ರಸ್ತೆ ಹೇಗಿದೆ ಅಂತ ತಿಳಿಸಿಬಿಡುತ್ತದೆ. ನಮ್ಮ ಗಾಡಿ ಅದನ್ನು ಮುಚ್ಚಿಡುತ್ತದೆ. ನಾವು ಧೈರ್ಯವಾಗಿ ವೇಗ ಹೆಚ್ಚಿಸುತ್ತೇವೆ. 50 ಕಿಮೀ ವೇಗಕ್ಕಿಂತ 70 ಕಿಮೀ ವೇಗದಲ್ಲಿ ಬ್ರೇಕ್ ಇಳಿಸಬೇಕಾದ ಶಕ್ತಿ ಸುಮಾರು ಎರಡರಷ್ಟು. ಎಸ್‌ಯುವಿಯ ಭಾರ ಬೇರೆ.

ಮಾಮೂಲಿ ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಹಿಮ ಇಲ್ಲದ ಒದ್ದೆ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ವಿಂಟರ್ ಟೈರಿನ ರಬ್ಬರಿಗೆ ಸಿಲಿಕಾ ಜಾಸ್ತಿ ಸೇರಿಸಿ, ಚಳಿಯಲ್ಲೂ ಮೆತ್ತಗೆ ಇರುವ ಹಾಗೆ ಮಾಡಿರುತ್ತಾರೆ. ಅದರ ಮೈ ನೋಡಿ. ಪ್ರತಿ ರಬ್ಬರ್ ತುಂಡಿನ ಮೇಲೂ ಬ್ಲೇಡಿನಲ್ಲಿ ಕೊಯ್ದಂಥ ಸಣ್ಣ ಸಣ್ಣ ಗೀರುಗಳಿರುತ್ತವೆ. ಟೈರ್ ಉರುಳುವಾಗ ಇವು ಬಾಯಿ ತೆರೆದು, ಅಂಚಿನಿಂದ ಹಿಮವನ್ನು ಕಚ್ಚುತ್ತವೆ. ಆ ತುಂಡುಗಳ ನಡುವಿನ ದೊಡ್ಡ ಕಾಲುವೆಗಳು ಹಿಮವನ್ನು ತುಂಬಿಕೊಳ್ಳುತ್ತವೆ. ಹಿಮ ಹಿಮಕ್ಕೇ ಚೆನ್ನಾಗಿ ಅಂಟುತ್ತದೆ. ಮಕ್ಕಳು ಹಿಮದ ಉಂಡೆ ಕಟ್ಟುವುದೂ ಇದರಿಂದಲೇ.

ಇನ್ನು ಆರಿಸುವ ವಿಷಯ. ಮೊದಲು ಟೈರಿನ ಪಕ್ಕದ ಗುರುತು ನೋಡಿ. ಎಂ+ಎಸ್ ಅಂತ ಬರೆದಿದ್ದರೆ ಅದು ಮಣ್ಣು ಮತ್ತು ಹಿಮ ಅಂತ. ಕಂಪನಿ ತಾನೇ ಹಾಕಿಕೊಳ್ಳುವ ಗುರುತು ಅದು, ಅದಕ್ಕೆ ಹಿಮದ ಮೇಲಿನ ಪರೀಕ್ಷೆ ಬೇಕಿಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇದ್ದರೆ ಮಾತ್ರ ಹಿಮದ ಮೇಲಿನ ಪರೀಕ್ಷೆ ಪಾಸಾಗಿದೆ ಅಂತ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ+ಎಸ್ ಇರುವ ಟೈರನ್ನು ವಿಂಟರ್ ಟೈರ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ನೀವಿರುವ ಕಡೆ ನಿಯಮ ಏನು ಅಂತ ಮೊದಲೇ ನೋಡಿಕೊಳ್ಳಿ.

ಆದರೆ ಆ ಬೆಟ್ಟದ ಗುರುತು ಹಿಮದ ಬಗ್ಗೆ ಮಾತ್ರ ಹೇಳುತ್ತದೆ. ಮಂಜುಗಡ್ಡೆಯ ಬಗ್ಗೆ ಏನೂ ಹೇಳುವುದಿಲ್ಲ. ಎರಡೂ ಬೇರೆ ಬೇರೆ. ಅದಕ್ಕೇ ಯೂರೋಪಿನ ಟೈರ್ ಲೇಬಲ್ಲಿನಲ್ಲಿ 2021ರಿಂದ ಮಂಜುಗಡ್ಡೆಗೆ ಬೇರೆಯದೇ ಚಿತ್ರ ಇದೆ. ಹೀಗಾಗಿ ನಾನು ಯಾರಿಗೂ ಮೊದಲು ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ನೀವು ದಿನಾ ಓಡಿಸುವ ರಸ್ತೆ ಚಳಿಗಾಲದಲ್ಲಿ ಹೇಗಿರುತ್ತದೆ ಅಂತ ಕೇಳುತ್ತೇನೆ.

ಹೆಚ್ಚಿನ ದಿನ ಒದ್ದೆ ರಸ್ತೆ, ಕೆಸರಿನಂಥ ಹಿಮ, ಹೆದ್ದಾರಿಯ ಓಡಾಟ ಇದ್ದರೆ ಮಧ್ಯ ಯೂರೋಪಿನ ಚಳಿಗೆ ಮಾಡಿದ ಟೈರ್ ಸರಿ. ಅದು ಸ್ವಲ್ಪ ಗಟ್ಟಿ, ಒದ್ದೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ತಿಂಗಳುಗಟ್ಟಲೆ ರಸ್ತೆ ಬಿಳಿಯಾಗಿಯೇ ಇದ್ದು, ಬೆಳಗಿನ ಹೊತ್ತು ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಕಟ್ಟುತ್ತಿದ್ದರೆ ಉತ್ತರದ ದೇಶಗಳ ಮೆತ್ತನೆ ಟೈರ್ ಬೇಕು. ಫಿನ್ಲೆಂಡಿನ ಹಕ್ಕಪೆಲಿಟ್ಟ 1936ರಿಂದ, ಜಪಾನಿನ ಬ್ಲಿಜಾಕ್ 1988ರಿಂದ ಇಂಥ ಚಳಿಗೇ ತಯಾರಾಗುತ್ತಾ ಬಂದಿವೆ. ಇವುಗಳ ವೇಗದ ಮಿತಿ ಕೆಲವೊಮ್ಮೆ ಕಡಿಮೆ ಇರುತ್ತದೆ. ಟೈರಿನ ಮೇಲೆ ಅದನ್ನು ಒಂದು ಅಕ್ಷರದಲ್ಲಿ ಬರೆದಿರುತ್ತಾರೆ: ಕ್ಯೂ ಅಂದರೆ ಗಂಟೆಗೆ 160 ಕಿಮೀ, ಟಿ ಅಂದರೆ 190. ಮಕ್ಕಳನ್ನು ಕೂರಿಸಿಕೊಂಡು ಹಿಮದಲ್ಲಿ ಓಡಿಸುವವರಿಗೆ ಅದು ಧಾರಾಳ ಸಾಕು.

ಮೊಳೆ ಇರುವ ಟೈರ್, ಅಂದರೆ ಸ್ಟಡ್, ಒದ್ದೆ ಮಂಜುಗಡ್ಡೆಯ ಮೇಲೆ ತುಂಬಾ ಒಳ್ಳೆಯದು. ಬರಿ ರಸ್ತೆಯಲ್ಲಿ ಗದ್ದಲ ಜಾಸ್ತಿ, ರಸ್ತೆಯನ್ನೂ ಸವೆಸುತ್ತದೆ. ಆ ಧೂಳಿನ ಕಾಟಕ್ಕೇ ಜಪಾನ್ 1990ರಲ್ಲಿ ಕಾನೂನು ಮಾಡಿ ಇದನ್ನು ತಡೆಯಿತು. ಹಳ್ಳಿಗಾಡಿನ, ಉಪ್ಪು ಹಾಕದ ರಸ್ತೆಯಲ್ಲಿ ಇರುವವರು ಮಾತ್ರ ಯೋಚಿಸಿ. ವರ್ಷಕ್ಕೆ ನಾಲ್ಕೈದು ದಿನ ಹಿಮ ಬೀಳುವ ಕಡೆ ಇದ್ದರೆ, ಬೆಟ್ಟದ ಗುರುತು ಇರುವ, ವರ್ಷಪೂರ್ತಿ ಓಡಿಸಬಹುದಾದ ಆಲ್ ವೆದರ್ ಟೈರ್ ಸಾಕು.

ಎಸ್‌ಯುವಿಗೆ ಜನ ಮರೆಯುವ ವಿಷಯ ಭಾರದ ಅಂಕಿ. ಟೈರಿನ ಪಕ್ಕದಲ್ಲಿ ಅಳತೆ ಬರೆದ ಮೇಲೆ 100, 104, 108 ಹೀಗೆ ಇರುತ್ತದೆ. 100 ಅಂದರೆ ಒಂದು ಟೈರ್ ಹೊರುವುದು 800 ಕೆಜಿ, 104 ಅಂದರೆ 900, 108 ಅಂದರೆ 1000. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರುವುದಕ್ಕಿಂತ ಇದು ಕಡಿಮೆ ಆಗಲೇಬಾರದು. ಏಳು ಜನ, ಸಾಮಾನು, ಮೇಲೆ ಪೆಟ್ಟಿಗೆ ಅಂತ ಹೊರಡುವವರು ನಾವು.

ಸಾಧ್ಯವಾದರೆ ಸಣ್ಣ ರಿಮ್ಮಿಗೆ ಇಳಿಯಿರಿ. ಟೈರಿನ ಅಳತೆ 235/55 ಆರ್ 19 (ಕೊನೆಯ ಅಂಕಿ ರಿಮ್ಮಿನ ಇಂಚು) ಇದ್ದರೆ 235/65 ಆರ್ 17 ಹಾಕಬಹುದು. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪಕ್ಕದ ರಬ್ಬರ್ ಎತ್ತರವಾಗಿ, ಹಿಮದಡಿ ಅಡಗಿದ ಗುಂಡಿಗೆ ಬಿದ್ದರೂ ರಿಮ್ ಉಳಿಯುತ್ತದೆ. ಟೈರಿನ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಬ್ರೇಕಿಗೆ ತಾಗುವುದಿಲ್ಲ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. ಈ ರಿಮ್ಮನ್ನು ಬೇರೆಯಾಗಿಯೇ ಇಟ್ಟುಕೊಂಡರೆ ಪ್ರತಿ ಸಲ ಟೈರ್ ಬಿಚ್ಚಿ ಹಾಕಿಸುವ ಕೆಲಸ ಇಲ್ಲ.

"ಎರಡೇ ಹಾಕಿಸಿದರೆ ಆಗಲ್ವಾ?" ಆಗಲ್ಲ. ಮುಂದೆ ಮಾತ್ರ ಹಾಕಿದರೆ ಬ್ರೇಕ್ ಒತ್ತಿದಾಗ ಮುಂದಿನದು ಹಿಡಿಯುತ್ತದೆ, ಹಿಂದಿನದು ಜಾರಿ ಗಾಡಿ ತಿರುಗಿಬಿಡುತ್ತದೆ. ಹಿಂದೆ ಮಾತ್ರ ಹಾಕಿದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಜೊತೆಗೆ ಟೈರುಗಳ ಸುತ್ತಳತೆ ಬೇರೆ ಬೇರೆಯಾದರೆ ಆಲ್ ವೀಲ್ ಡ್ರೈವಿನ ಒಳಗಿನ ಭಾಗಗಳೂ ಸುಮ್ನೆ ಸವೆಯುತ್ತವೆ. ನಾಲ್ಕಕ್ಕೆ ದುಡ್ಡು ಸಾಲದಿದ್ದರೆ ಎರಡು ಒಳ್ಳೆಯದರ ಬದಲು ನಾಲ್ಕು ಸಾಧಾರಣದ್ದೇ ಮೇಲು.

ಹಳೆಯ ಟೈರ್ ಕೊಳ್ಳುವವರು ಪಕ್ಕದ ನಾಲ್ಕು ಅಂಕಿ ಓದಿ. 3524 ಅಂದರೆ 2024ರ 35ನೇ ವಾರ ತಯಾರಾಗಿದ್ದು. ಕಾಲುವೆಯ ಆಳ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬೇಡ. ಗುರುತು ಹಾಗೇ ಇದ್ದರೂ ಅದು ಹಿಮಕ್ಕೆ ಆಗಿ ಬರುವುದಿಲ್ಲ.

ಮೊದಲ ಹಿಮ ಬೀಳುವವರೆಗೆ ಕಾಯಬೇಡಿ. ಅವತ್ತು ಎಲ್ಲರೂ ಅಂಗಡಿ ಮುಂದೆ ಇರುತ್ತಾರೆ. ಬೆಳಗಿನ ತಾಪಮಾನ 7 ಡಿಗ್ರಿಗೆ ಇಳಿಯಲು ಶುರುವಾದಾಗಲೇ ಹಾಕಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿಮೀ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ತಾಪಮಾನ ಐದಾರು ಡಿಗ್ರಿ ಇಳಿದಾಗೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ (ಒತ್ತಡ ಅಳೆಯುವ ಮಾನ) ಇಳಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ಗಾಡಿ ಓಡಿಸುವುದಕ್ಕೆ ಮುಂಚೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿ.