ಹಾಸನಾಂಬೆಯ ಬಾಗಿಲು ಮತ್ತೆ ತೆರೆಯುವವರೆಗೆ

2024ರ ನವೆಂಬರ್ 3ರಂದು ಹಾಸನಾಂಬೆಯ ಗರ್ಭಗುಡಿ ಬಾಗಿಲು ಹಾಕಿದರು. 5ರ ರಾತ್ರಿ ನಾವು ಜರ್ಮನಿಯ ಮ್ಯೂನಿಕ್‌ಗೆ ವಿಮಾನ ಹತ್ತಿದೆವು. ಬೇಕಂತ ಹಾಗೆ ಟಿಕೆಟ್ ಮಾಡಿಸಿದ್ದಲ್ಲ, ನಮ್ಮನೆಯವರು ಕೆಲಸಕ್ಕೆ ಸೇರಬೇಕಾದ ದಿನ ಹಾಗೆ ಬಂತು. ಅತ್ತೆ ಮಾತ್ರ ಅದನ್ನು ಬೇರೆ ಥರ ನೋಡಿದರು. “ಅಮ್ಮ ಬಾಗಿಲು ಹಾಕ್ಕೊಂಡ ಮೇಲೆ ಹೊರಡ್ತಿದ್ದೀರ. ಅವಳು ಬಾಗಿಲು ತೆಗೆಯೋ ಹೊತ್ತಿಗೆ ಬಂದುಬಿಡಿ” ಅಂದರು.

ಅದೇ ನಮ್ಮ ಹರಕೆಯಾಯಿತು. ಮುಂದಿನ ವರ್ಷ ಬಾಗಿಲು ತೆಗೆದಾಗ ನಾಲ್ಕೂ ಜನ ಧರ್ಮದರ್ಶನದ ಸಾಲಲ್ಲೇ ನಿಂತು ಬರುತ್ತೇವೆ, ಅಮ್ಮನಿಗೆ ಮಡಿಲಕ್ಕಿ ಕೊಡುತ್ತೇವೆ ಅಂತ.

ಹಾಸನದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಹಾಸನಾಂಬೆಯ ಗುಡಿ ತೆರೆಯುವುದು ವರ್ಷಕ್ಕೆ ಒಂದೇ ಸಲ. ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಗುರುವಾರ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಕಳೆದ ಮೇಲೆ ಹಾಕುತ್ತಾರೆ. ತೆಗೆಯುವ ದಿನ ಅರಸು ವಂಶದವರು ಬಾಗಿಲ ಮುಂದೆ ಬಾಳೆಕಂದು ಕಡಿಯುತ್ತಾರೆ. ಹಾಕುವ ದಿನ ಒಳಗೆ ದೀಪ ಹಚ್ಚಿಟ್ಟು, ಹೂವು ಮುಡಿಸಿ, ನೈವೇದ್ಯ ಇಟ್ಟು ಬರುತ್ತಾರೆ. ಮುಂದಿನ ವರ್ಷ ತೆಗೆದಾಗ ಆ ದೀಪ ಉರಿಯುತ್ತಲೇ ಇರುತ್ತದೆ, ಹೂವು ಬಾಡಿರುವುದಿಲ್ಲ, ಅನ್ನ ಹಳಸಿರುವುದಿಲ್ಲ ಅನ್ನುವುದು ನಮ್ಮೂರಿನ ನಂಬಿಕೆ. ಅದು ನಿಜವಾ ಅಂತ ವಾದ ಮಾಡುವವರು ಮಾಡುತ್ತಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ಬಾಗಿಲು ಮುಚ್ಚಿದ್ದರೂ ಒಳಗೆ ಅಮ್ಮನ ದೀಪ ಉರಿಯುತ್ತಿದೆ ಅಂತ ಅಂದುಕೊಂಡೇ ನಾನು ದೊಡ್ಡವಳಾದದ್ದು. ಕಳೆದ ವರ್ಷ ಬದುಕಿದ್ದೂ ಹಾಗೆಯೇ.

ಹೊರಡುವಾಗ ಅತ್ತೆ ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟರು. ಒಳಗೆ ಅವರೇ ಹೊಸೆದ ಹೂಬತ್ತಿ. ಒಂದರ ಮೇಲೊಂದು, ಎಲ್ಲದರ ತುದಿ ಒಂದೇ ಕಡೆಗೆ. “ದಿನಕ್ಕೆ ಎರಡರಂತೆ ಆಷಾಢದವರೆಗೂ ಬರುತ್ತೆ. ಅಷ್ಟರೊಳಗೆ ಇನ್ನೊಂದು ಡಬ್ಬಿ ಕಳಿಸ್ತೀನಿ” ಅಂದರು.

ಕೆಲಸ, ಮನೆ ಹುಡುಕಾಟ, ಕಚೇರಿಯಿಂದ ಕಚೇರಿಗೆ ಕಾಗದಪತ್ರ ಹಿಡಿದು ಓಡಾಡಿದ್ದು, ಅದೆಲ್ಲ ವಿದೇಶಕ್ಕೆ ಹೋದವರೆಲ್ಲರ ಕಥೆ. ಬಿಡಿ. ನನಗೆ ಕಷ್ಟವಾಗಿದ್ದು ಕತ್ತಲು. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಿಗ್ಗೆ ಎಂಟಾದರೂ ಸರಿಯಾಗಿ ಬೆಳಕು ಹರಿಯುವುದಿಲ್ಲ. ಸಂಜೆ ನಾಲ್ಕೂವರೆ ಆಗುವುದರೊಳಗೆ ಸೂರ್ಯ ಮುಳುಗಿರುತ್ತಾನೆ. ಹೋದ ಒಂದು ವಾರಕ್ಕೇ, ನವೆಂಬರ್ 11ರ ಸಂಜೆ, ಕಿಟಕಿಯ ಕೆಳಗೆ ಮಕ್ಕಳ ಹಾಡು ಕೇಳಿಸಿತು. ನೋಡಿದರೆ ಸಾಲು ಸಾಲು ಮಕ್ಕಳು, ಒಂದೊಂದರ ಕೈಯಲ್ಲೂ ಕೋಲಿಗೆ ಕಟ್ಟಿದ ಕಾಗದದ ದೀಪ. ಸಂತ ಮಾರ್ಟಿನ್ ಹಬ್ಬವಂತೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸಂತ ಅವನು. ಅದು ನನಗೆ ಗೊತ್ತಾಗಿದ್ದು ಆಮೇಲೆ. ಆಗ ನಾಲ್ಕೂವರೆ ವರ್ಷದ ಪುಟ್ಟಿ ಗಾಜಿಗೆ ಮೂಗು ಒತ್ತಿ ಕೇಳಿದಳು, “ಅಮ್ಮಾ, ಇವರೆಲ್ಲ ಹಾಸನಾಂಬಗೆ ಹೋಗ್ತಿದ್ದಾರಾ?”

ನಾನು “ಹೂಂ” ಅಂದುಬಿಟ್ಟೆ. ಸುಳ್ಳು ಹೇಳಿದೆ ಅಂತ ಇವತ್ತಿಗೂ ಅನ್ನಿಸಿಲ್ಲ.

ದೇವರ ದೀಪವೂ ಅಲ್ಲಿ ಸುಲಭವಾಗಿರಲಿಲ್ಲ. ಅತ್ತೆ ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆ ಹಣತೆಯಲ್ಲೇ ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಹಾಸನದ ಚಳಿಯಲ್ಲೂ ಗಟ್ಟಿಯಾಗುತ್ತದೆ, ಆದರೆ ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಸಾಕು. ಅಲ್ಲಿ ಬಿಸಿಲೇ ಇಲ್ಲವಲ್ಲ, ಹೀಟರ್ ಮೇಲೆ ಇಟ್ಟು ಕರಗಿಸುತ್ತಿದ್ದೆ. ಒಂದು ಶುಕ್ರವಾರ ಸಾಂಬ್ರಾಣಿ ಹಾಕಿದ್ದೇ ತಡ, ಚಾವಣಿಯಲ್ಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಕೆಳಗಿನ ಮನೆಯ ವಯಸ್ಸಾದ ಹೆಂಗಸು ಓಡಿ ಬಂದರು. ನಾನು ಮುರುಕು ಮಾತಿನಲ್ಲಿ ಕ್ಷಮೆ ಕೇಳಿದೆ. ಅವರು ಕಿಟಕಿ ತೆರೆದು ಹೊಗೆ ಹೋಗಲು ಬಿಟ್ಟು, ದೇವರ ಮುಂದಿನ ದೀಪವನ್ನೇ ನೋಡುತ್ತ ನಿಂತರು. ಮುಂದಿನ ಭಾನುವಾರ ನನ್ನನ್ನು ಅವರ ಚರ್ಚಿಗೆ ಕರೆದುಕೊಂಡು ಹೋಗಿ, ಬಲಿಪೀಠದ ಹತ್ತಿರ ತೂಗುವ ಕೆಂಪು ಗಾಜಿನ ದೀಪ ತೋರಿಸಿದರು. ಅದು ಹಗಲು ರಾತ್ರಿ ಆರದೆ ಉರಿಯುವ ದೀಪ.

ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಎರಡೇ. “ಎಣ್ಣೆನಾ, ಮೇಣಾನಾ?” ಆಮೇಲೆ, “ಯಾರು ಹಾಕ್ತಾರಂತೆ?”

ಆ ಎರಡನೆಯ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಯಾವ ದೀಪಕ್ಕಾದರೂ ಯಾರೋ ಒಬ್ಬರು ಎಣ್ಣೆ ಹಾಕುತ್ತಿರಲೇಬೇಕು, ಅಲ್ವಾ?

ಜನವರಿಯಲ್ಲಿ ಪುಟ್ಟಿಗೆ ಕಿಂಡರ್‌ಗಾರ್ಟನ್‌ನಲ್ಲಿ ಜಾಗ ಸಿಕ್ಕಿತು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ ಅಲ್ಲಿ ತುಟಿ ಬಿಚ್ಚಲಿಲ್ಲ. ಫೆಬ್ರವರಿ ಕಳೆಯಿತು, ಮಾರ್ಚ್ ಕಳೆಯಿತು. ಹೊಸ ಭಾಷೆಗೆ ಬಿದ್ದ ಮಕ್ಕಳು ಹೀಗೆ ಕೆಲವು ತಿಂಗಳು ಸುಮ್ಮನಿರುವುದುಂಟು, ಒಳಗೊಳಗೇ ಕೇಳಿಸಿಕೊಂಡು ಕಲಿಯುತ್ತಿರುತ್ತಾರೆ ಅಂತ ಟೀಚರ್ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ರಾತ್ರಿ ದೇವರ ಮುಂದೆ ಕೂತು ಅತ್ತಿದ್ದೇನೆ. ಮಗುವಿನ ಬಾಯಿ ಮುಚ್ಚಿಸಿ ಎಲ್ಲಿಗೆ ಕರಕೊಂಡು ಬಂದೆವಪ್ಪಾ ಅನ್ನಿಸುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಕರೆತರಲು ಹೋದಾಗ ಅವಳು ಉಯ್ಯಾಲೆ ಮೇಲಿದ್ದಳು. ತೂಗುತ್ತಿದ್ದ ಟೀಚರ್ ಕೈಬಿಟ್ಟ ತಕ್ಷಣ ಗಟ್ಟಿಯಾಗಿ ಕೂಗಿದಳು, “ನೋಖ್ ಮಾಲ್!” ಇನ್ನೊಂದ್ಸಲ ಅಂತ. ಬೇಲಿ ಹಿಡಿದು ನಿಂತಿದ್ದ ನಾನು ಅಲ್ಲೇ ಕೈ ಮುಗಿದೆ. ಹಾಸನ ಯಾವ ದಿಕ್ಕಿಗಿದೆ ಅಂತಲೂ ಯೋಚಿಸಲಿಲ್ಲ.

ಅತ್ತೆ ಸಂತೇಪೇಟೆಯ ಮನೆಯಲ್ಲಿ ಸಂಜೆ ಆರೂವರೆಗೆ ದೀಪ ಹಚ್ಚುತ್ತಾರೆ. ಚಳಿಗಾಲದಲ್ಲಿ ಆಗ ನಮಗೆ ಮಧ್ಯಾಹ್ನ ಎರಡು. ಮಾರ್ಚ್ ಕೊನೆಗೆ ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ ಮೂರು. ಆ ಹೊತ್ತಿಗೆ ವಿಡಿಯೋ ಕರೆ ಮಾಡುವುದು ರೂಢಿ. ಜುಲೈ ಮೊದಲ ವಾರದಿಂದ ಅತ್ತೆ ಫೋನನ್ನು ಬರೀ ದೀಪದ ಕಡೆಗೇ ತಿರುಗಿಸಿ ಇಡತೊಡಗಿದರು. “ಅಮ್ಮಾ, ಮುಖ ಕಾಣ್ತಿಲ್ಲ” ಅಂದರೆ, “ನನ್ನ ಮುಖ ಏನ್ ನೋಡ್ತೀರಪ್ಪ, ದೀಪ ನೋಡಿ, ಒಳ್ಳೇದಾಗುತ್ತೆ” ಅನ್ನುತ್ತಿದ್ದರು. ನಾವು ನಂಬಿದೆವು. ಕೈ ಮುಗಿದು, ನಾಲ್ಕು ಮಾತಾಡಿ ಇಡುತ್ತಿದ್ದೆವು. ಹೀಗೇ ಹತ್ತು ಹನ್ನೆರಡು ದಿನ.

ಕಂಡುಹಿಡಿದವಳು ಪುಟ್ಟಿ. ಬತ್ತಿ ಮುಂದೆ ಮಾಡುತ್ತಿದ್ದ ಬೆರಳನ್ನು ನೋಡಿ, “ಅಜ್ಜಿ ಉಗುರಿಗೆ ಬಣ್ಣ ಹಚ್ಚಿದ್ದಾರೆ!” ಅಂತ ಚಪ್ಪಾಳೆ ತಟ್ಟಿದಳು. ಆ ಕಡೆ ಗಪ್‌ಚಿಪ್. ಅದು ಅತ್ತೆಯ ಕೈ ಅಲ್ಲ, ಪಕ್ಕದ ಮನೆ ಹುಡುಗಿಯ ಕೈ. ಅತ್ತೆ ಹಿತ್ತಲಿನ ಪಾಚಿ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಪಕ್ಕದ ಮನೆಯವರೇ ಆಸ್ಪತ್ರೆಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿ, ದಿನಾ ಊಟ ಕೊಟ್ಟು, ಸಂಜೆ ದೀಪ ಹಚ್ಚಿ ಹೋಗುತ್ತಿದ್ದರು. ನಮಗೆ ಹೇಳಬಾರದು ಅಂತ ಅತ್ತೆ ಆಣೆ ಹಾಕಿಸಿದ್ದರಂತೆ.

ನಮ್ಮನೆಯವರು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ನಾನು ದೀಪವನ್ನೇ ನೋಡುತ್ತ ಕೂತೆ. ಇಷ್ಟು ದಿನ ನಾವು ನೋಡಿದ್ದು ದೀಪ ಮಾತ್ರ, ಎಣ್ಣೆ ಹಾಕುವ ಕೈಯನ್ನು ನೋಡಲಿಲ್ಲ. ಅತ್ತೆ “ಯಾರು ಹಾಕ್ತಾರಂತೆ” ಅಂತ ಕೇಳಿದ್ದು ಆಗ ನೆನಪಾಯಿತು.

ಬತ್ತಿ ಡಬ್ಬಿ ಆಗಲೇ ಖಾಲಿಯಾಗುತ್ತ ಬಂದಿತ್ತು. ಇನ್ನೊಂದು ಬರಲಿಲ್ಲ, ಯಾಕೆ ಅಂತ ಈಗ ಗೊತ್ತಾಯಿತು. ಹತ್ತಿ ತಂದು ನಾನೇ ಹೊಸೆಯಲು ಕೂತೆ. ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು ಅತ್ತೆ ಫೋನಿನಲ್ಲಿ ಹೇಳಿಕೊಟ್ಟರು. ಹತ್ತಿಯನ್ನು ಮೊದಲು ಬಿಡಿಸು. ಬೀಜದ ಚೂರು ಇದ್ದರೆ ತೆಗಿ. ಚಿಟಿಕೆಯಷ್ಟು ಹಿಡಿದು ನಡು ಎಳಿ. ಬೆರಳಿಗೆ ಹನಿ ಹಾಲು ಮುಟ್ಟಿಸಿಕೊಂಡು ತುದಿ ತಿರುಗಿಸು, ಬಿಗಿ ಜಾಸ್ತಿ ಆದರೆ ಎಣ್ಣೆ ಏರಲ್ಲ. ಮೊದಲ ದಿನದ ಬತ್ತಿ ಒಂದೂ ನೆಟ್ಟಗೆ ನಿಲ್ಲಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಕೈ ಕೂತಿತು.

2025ರ ಅಕ್ಟೋಬರ್ 9, ಗುರುವಾರ ಅಮ್ಮನ ಬಾಗಿಲು ತೆರೆದರು. ಮುಂದಿನ ವಾರ ನಾವು ಬೆಂಗಳೂರಿಗೆ ಬಂದಿಳಿದು, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಹಿಡಿದು ಹಾಸನ ಸೇರಿದೆವು. ಮುನ್ನೂರು ರೂಪಾಯಿ ಟಿಕೆಟ್ ತಗೊಂಡರೆ ಬೇಗ ಆಗುತ್ತೆ ಅಂತ ನೆಂಟರು ಹೇಳಿದರು. ಹರಕೆ ಇದ್ದದ್ದು ಧರ್ಮದರ್ಶನಕ್ಕೆ. ಇನ್ನೂ ಕತ್ತಲಿದ್ದಾಗಲೇ ಹೋಗಿ ನಿಂತೆವು. ಸಾಲು ಇಷ್ಟಿಷ್ಟೇ ಸರಿಯುತ್ತಿತ್ತು. ನಡುವೆ ಹನಿ ಮಳೆ ಬಂತು. ಮುಂದಿದ್ದ ಅಪರಿಚಿತ ಹೆಂಗಸೊಬ್ಬರು ಪುಟ್ಟಿಯನ್ನು ತಮ್ಮ ಸೆರಗಿನೊಳಗೆ ಎಳೆದುಕೊಂಡರು.

ನಿಂತಲ್ಲೇ ಅತ್ತೆ ಮೊಮ್ಮಗಳಿಗೆ ಸೊಸೆ ಕಲ್ಲಿನ ಕಥೆ ಹೇಳಿದರು. ಅತ್ತೆಯ ಕಾಟಕ್ಕೆ ನೊಂದ ಸೊಸೆ ಹಾಸನಾಂಬೆಯನ್ನು ಕೂಗಿದಳು, ಅಮ್ಮ ಅವಳನ್ನು ಕಲ್ಲಾಗಿಸಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ಅಮ್ಮನ ಕಡೆಗೆ ಸರಿಯುತ್ತದಂತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ಹೇಳುತ್ತ ಅತ್ತೆ ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು, ಮಳೆಗೆ ನೆಲ ಜಾರುತ್ತೆ ಅಂತ. ಆಮೇಲೆ ಏಳು ಮಾತೃಕೆಯರ ಕಥೆ. ಕಾಶಿಯಿಂದ ದಕ್ಷಿಣಕ್ಕೆ ಬಂದ ಏಳು ಜನ. ವೈಷ್ಣವಿ, ಮಾಹೇಶ್ವರಿ, ಕೌಮಾರಿ ಇಲ್ಲೇ ಹುತ್ತವಾಗಿ ನೆಲೆಸಿದರು. ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಗೆ ಹೋದಳು. ಚಾಮುಂಡಿ, ವಾರಾಹಿ, ಇಂದ್ರಾಣಿ ದೇವಿಗೆರೆಯಲ್ಲಿ ಉಳಿದರು. ಚಿಕ್ಕಂದಿನಿಂದ ಕೇಳಿದ ಕಥೆ. ಈ ತಾಯಂದಿರೂ ಎಲ್ಲಿಂದಲೋ ಬಂದು ಈ ಊರಿನವರಾದವರು ಅನ್ನುವುದು ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಇಷ್ಟು ಹತ್ತಿರವಿದ್ದೂ ಅಕ್ಕತಂಗಿಯರು ಬೇರೆ ಬೇರೆ ಕಡೆ ಇದ್ದಾರೆ. ನನ್ನ ಕಣ್ಣು ತುಂಬಿ ಬಂತು.

ಒಳಗೆ ಸಿಕ್ಕಿದ್ದು ಕೆಲವೇ ಕ್ಷಣ. ಮಡಿಲಕ್ಕಿ ತಟ್ಟೆ ಅರ್ಚಕರ ಕೈ ಸೇರಿತು. ಹೂವು, ಒಡವೆಗಳ ನಡುವೆ ಅಮ್ಮನ ನಗುಮುಖ. ನಾನು ದೀಪ ಹುಡುಕಿದೆ, ಕಂಡಿತು. ಏನು ಕೇಳಿಕೊಳ್ಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆನೋ ಅದೆಲ್ಲ ಮರೆತೇಹೋಯಿತು. “ಬಂದ್ವಮ್ಮ” ಅಂದೆ, ಅಷ್ಟೇ. “ಮುಂದೆ ಹೋಗಿ, ಮುಂದೆ ಹೋಗಿ” ಅನ್ನುತ್ತ ಹೊರಗೆ ತಳ್ಳಿದರು. ಅಪ್ಪನ ಹೆಗಲ ಮೇಲಿದ್ದ ಪುಟ್ಟಿ ಹಿಂದಕ್ಕೆ ತಿರುಗಿ “ನೋಖ್ ಮಾಲ್” ಅಂದಳು. ಅತ್ತೆ ಏನಂತೆ ಅಂದರು. ಹೇಳಿದೆ. “ಮುಂದಿನ ವರ್ಷ ಕಣೇ ಪುಟ್ಟಿ” ಅಂದರು. ಮುಂದಿನ ಸೆಪ್ಟೆಂಬರ್‌ಗೆ ಅವಳಿಗೆ ಶಾಲೆ. ರಜೆಯಲ್ಲದ ದಿನಗಳಲ್ಲಿ ಮಗುವನ್ನು ಶಾಲೆ ಬಿಡಿಸಿ ಕರೆತರಲು ಅಲ್ಲಿ ಒಪ್ಪುವುದಿಲ್ಲ. ಅದನ್ನು ನಾನು ಅತ್ತೆಗೆ ಆಗ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಸೂಟ್‌ಕೇಸಿನಿಂದ ಆ ಬಿಸ್ಕತ್ತಿನ ಡಬ್ಬಿ ತೆಗೆದೆ. ಖಾಲಿ ತರಲಿಲ್ಲ, ತುಂಬಿಸಿಕೊಂಡೇ ಬಂದಿದ್ದೆ. ಅತ್ತೆಯ ಮಣಿಕಟ್ಟು ಕೂಡಿಕೊಂಡಿದ್ದರೂ ಇನ್ನೂ ತಿರುಗಿಸಲು ಬರುವುದಿಲ್ಲ, ಬತ್ತಿ ಹೊಸೆಯಲು ಆಗುವುದಿಲ್ಲ. ಅವರು ಕನ್ನಡಕ ಹಾಕಿಕೊಂಡು, ಒಂದು ಬತ್ತಿ ಎತ್ತಿ ಬೆಳಕಿಗೆ ಹಿಡಿದು, ತುದಿಯನ್ನು ಎಡಗೈ ಬೆರಳಲ್ಲಿ ಒತ್ತಿ ನೋಡಿದರು.

“ಸ್ವಲ್ಪ ದಪ್ಪ ಆಯ್ತು” ಅಂದರು. “ಪರವಾಗಿಲ್ಲ, ಉರಿಯುತ್ತೆ. ಎಣ್ಣೆ ತಗೊಂಡು ಬಾ.”