ದುರ್ಗದ ಗಾಳಿ, 350 ಸಿಸಿ ಗಾಡಿ

350 ಸಿಸಿ ಬೈಕ್ ತಗೊಂಡು ಕೆಲವು ವರ್ಷಗಳಾದವು. ಈಗಲೂ ಸಿಕ್ಕವರೆಲ್ಲ ಮೊದಲು ಕೇಳುವುದು "ಎಷ್ಟು ಕೊಡುತ್ತೆ?" ಅಂತಲೇ. ಲೀಟರಿಗೆ 35 ಕಿ.ಮೀ. ಆಸುಪಾಸು ಅಂದರೆ ಮುಖ ಕಿವುಚುತ್ತಾರೆ.

ಚಿತ್ರದುರ್ಗದಿಂದ ದಾವಣಗೆರೆಗೆ ಹೈವೇಯಲ್ಲಿ ಸುಮಾರು 60 ಕಿ.ಮೀ. ಗಂಟೆಗೆ 80ರ ವೇಗದಲ್ಲಿ ಹೋದರೆ ಎಂಜಿನ್ ಹಾಯಾಗಿರುತ್ತದೆ. ನೂರು ದಾಟಿಸಿದರೆ ಫುಟ್‌ರೆಸ್ಟ್ ಜುಮುಗುಡುತ್ತದೆ. 20 ಎಚ್‌ಪಿ ಅಷ್ಟೇ. ಆದರೆ ಟಾರ್ಕ್, ಅಂದರೆ ಎಳೆಯುವ ಬಲ, ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಗುವುದರಿಂದ ಏರಿನಲ್ಲಿ ಪದೇ ಪದೇ ಗೇರ್ ಇಳಿಸಬೇಕಿಲ್ಲ.

ಆಷಾಢದಲ್ಲಿ ಮಾತ್ರ ಬೇರೆ ಕಥೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ಗಾಳಿ ಪಕ್ಕದಿಂದ ಬಡಿಯುತ್ತದೆ. ಲಾರಿ ಓವರ್‌ಟೇಕ್ ಮಾಡುವಾಗ ಅದರ ಮರೆಯಲ್ಲಿ ತಟ್ಟನೆ ನಿಲ್ಲುತ್ತದೆ, ದಾಟಿದ ಕೂಡಲೇ ಮತ್ತೆ ಗುದ್ದುತ್ತದೆ. ಆಗ 190 ಕೆಜಿ ಮೇಲಿನ ತೂಕ ಉಪಕಾರಕ್ಕೆ ಬರುತ್ತದೆ. ಅದೇ ತೂಕವನ್ನು ದಾವಣಗೆರೆಯ ಮಂಡಿಪೇಟೆಯ ಪಾರ್ಕಿಂಗ್‌ನಿಂದ ಹಿಂದಕ್ಕೆ ಎಳೆಯಬೇಕು ನೋಡಿ, ತಿಂದ ಬೆಣ್ಣೆ ದೋಸೆ ಅಲ್ಲೇ ಕರಗುತ್ತದೆ.

ಇದಕ್ಕಿಂತ ದೊಡ್ಡ ಗಾಡಿ ಬೇಕು ಅನ್ನುವ ಆಸೆ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ವಯಸ್ಸೋ, ಇಎಂಐ ಭಯವೋ!

ಕಿರಿಕಿರಿ ಅಂದರೆ ಚೈನ್. 500 ಕಿ.ಮೀ.ಗೊಮ್ಮೆ ಲ್ಯೂಬ್ ಹೊಡೆಯುತ್ತೇನೆ. ಜಾಸ್ತಿ ಹೊಡೆದರೆ ನಮ್ಮೂರ ಕೆಂಧೂಳು ಅಂಟಿಕೊಂಡು ಕೆಸರಿನ ಹಾಗೆ ಗಟ್ಟಿಯಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಶ್, ಸ್ವಲ್ಪ ಸೀಮೆಎಣ್ಣೆ ಇದ್ದರೆ ಸಾಕು, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಹೋಗುತ್ತದೆ.