ಐವತ್ತರ ಲೆನ್ಸ್: ಮಳೆಗಾಲಕ್ಕೆ ಮೊದಲು ಒಂದು ತೀರ್ಮಾನ

ನನ್ನ ಕ್ಯಾಮೆರಾ ಚೀಲದಲ್ಲಿ ಏಳು ವರ್ಷಗಳಿಂದ 50 ಮಿ.ಮೀ.ನ ಒಂದು ಪ್ರೈಮ್ ಲೆನ್ಸ್, ಎಂದರೆ ಜೂಮ್ ಇಲ್ಲದ ಲೆನ್ಸ್, ಇದೆ. ಎಫ್/1.8ರ ವರೆಗೆ (ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ಅಗಲ) ತೆರೆದುಕೊಳ್ಳುವ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಚಿತ್ರದ ಸ್ಪಷ್ಟತೆಯ ವಿಷಯದಲ್ಲಿ ಹೆಸರಿಡಲು ಏನೂ ಇಲ್ಲದ ಲೆನ್ಸ್ ಅದು. ಆದರೂ ಅದನ್ನು ಕಂಡರೆ ನನಗೆ ಆಗುವುದಿಲ್ಲ. ಕಲಿಯಲು ಹೊರಟವರಿಗೆ ಬಹುಪಾಲು ಜನ ಮೊದಲು ಕೊಳ್ಳಲು ಹೇಳುವುದು ಇದನ್ನೇ. ಅಂಥದ್ದು ನನಗೆ ಹಿಡಿಸಲಿಲ್ಲ ಎಂದು ಒಪ್ಪಿಕೊಳ್ಳುವ ಮುಜುಗರದಿಂದಲೇ ಇಷ್ಟು ವರ್ಷ ಇಟ್ಟುಕೊಂಡೆನೋ ಏನೋ.

ಅದನ್ನು ಕೊಂಡದ್ದು ಅಡಿಕೆ ಸುಲಿಯುವ ಚಿತ್ರಕ್ಕಾಗಿ. ಶಿರಸಿಯ ಕಡೆಯ ನಮ್ಮ ಮನೆಯಲ್ಲಿ ಕೊನೆಕೊಯ್ಲು (ಅಡಿಕೆ ಗೊನೆಗಳ ಕೊಯ್ಲು) ಶುರುವಾದ ಮೇಲೆ ರಾತ್ರಿ ಊಟ ಮುಗಿಸಿ ಎಂಟು ಹತ್ತು ಜನ ಜಗುಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಬೆಳಕಿಗೆ ಇರುವುದು ಒಂದೇ ಬಲ್ಬು. ಕ್ಯಾಮೆರಾ ಜೊತೆಗೆ ಬಂದ ಕಿಟ್ ಲೆನ್ಸ್ 55 ಮಿ.ಮೀ.ಗೆ ಚಾಚಿದಾಗ ಎಫ್/5.6ಕ್ಕಿಂತ ಅಗಲವಾಗಿ ತೆರೆದುಕೊಳ್ಳದು. ಎಫ್/1.8 ಅದರ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಮಾಡದೆ ಬಿಟ್ಟ ಲೆಕ್ಕ ಬೇರೆಯೇ ಇತ್ತು.

ಐವತ್ತನ್ನು ‘ನಾರ್ಮಲ್’ ಲೆನ್ಸ್ ಎಂದು ಕರೆಯುವುದು 24×36 ಮಿ.ಮೀ.ನ ಫಿಲ್ಮ್ ಚೌಕಟ್ಟಿನ ಲೆಕ್ಕದಲ್ಲಿ. ಆ ಚೌಕಟ್ಟಿನ ಕರ್ಣ 43.3 ಮಿ.ಮೀ.; ಅದಕ್ಕೆ ಹತ್ತಿರವಾದ ಫೋಕಲ್ ಲೆಂತ್ (ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆ; ಅದು ಹೆಚ್ಚಿದಷ್ಟೂ ನೋಟ ಕಿರಿದು) ನೋಟವನ್ನು ಅಷ್ಟಾಗಿ ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಫಿಲ್ಮ್ ಕ್ಯಾಮೆರಾದಲ್ಲಿಯೂ 50 ಮಿ.ಮೀ. ಲೆನ್ಸೇ ಇತ್ತು. ಆದರೆ ನನ್ನ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ಚಿತ್ರ ಹಿಡಿಯುವ ಸೆನ್ಸರ್ ಆ ಚೌಕಟ್ಟಿಗಿಂತ ಚಿಕ್ಕದು, ಕರ್ಣ ಸುಮಾರು 28 ಮಿ.ಮೀ. ಮಾತ್ರ. ಅದರ ಮೇಲೆ ಐವತ್ತರ ಲೆನ್ಸ್ ಎಪ್ಪತ್ತೈದರ ಕಿರಿದಾದ ನೋಟವನ್ನು ಕೊಡುತ್ತದೆ. ಹತ್ತು ಅಡಿ ಅಗಲದ ಜಗುಲಿಯಲ್ಲಿ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಚೌಕಟ್ಟಿನೊಳಗೆ ಬರುವುದು ನಾಲ್ಕೂವರೆ ಅಡಿಯ ಸಾಲು, ಎಂದರೆ ಇಬ್ಬರು. ಒಬ್ಬರನ್ನೇ ತೆಗೆಯೋಣವೆಂದು ಐದಡಿಯ ಹತ್ತಿರಕ್ಕೆ ಹೋದರೆ ಇನ್ನೊಂದು ತೊಡಕು: ಪೂರ್ತಿ ತೆರೆದ ಅಪರ್ಚರ್‌ನಲ್ಲಿ (ಬೆಳಕಿನ ಕಿಂಡಿಯಲ್ಲಿ) ಸ್ಪಷ್ಟವಾಗಿ ಮೂಡುವ ಆಳ ಆರೇಳು ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಫೋಕಸ್ ಮಾಡಿದರೆ ಕತ್ತಿಯ ಮೇಲಿನ ಕೈ ಮಸುಕು. ಕೈಯೂ ಬೇಕೆಂದು ಎಫ್/5.6ಕ್ಕೆ ಇಳಿಸಿದರೆ, ಯಾವ ಬೆಳಕಿಗಾಗಿ ಹಣ ಕೊಟ್ಟೆನೋ ಆ ಬೆಳಕು ಹೋಯಿತು.

ಕಳೆದ ಸುಗ್ಗಿಯಲ್ಲಿ, ದೋಷ ಲೆನ್ಸಿನದೋ ನನ್ನದೋ ನೋಡಿಯೇ ಬಿಡೋಣವೆಂದು ಕಿಟ್ ಲೆನ್ಸನ್ನು ಬೀರುವಿನಲ್ಲಿಟ್ಟು ಒಂದು ತಿಂಗಳು ಇದೊಂದನ್ನೇ ಬಳಸಿದೆ. ನಾನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿಸಿಕೊಳ್ಳಬೇಕೆನಿಸಿದ್ದು ಒಂಬತ್ತು, ಒಂಬತ್ತೂ ಮುಖಗಳೇ. ಸೋದರತ್ತೆಯ ಒಂದು ಚಿತ್ರವಂತೂ ಎಷ್ಟು ಚೆನ್ನಾಗಿ ಬಂದಿದೆಯೆಂದರೆ, ಅವರು ಅದನ್ನು ಚೌಕಟ್ಟು ಹಾಕಿಸಿ ಕೊಡಲು ಹೇಳಿದ್ದಾರೆ. ಆದರೆ ಅತ್ತೆ ಎಲ್ಲಿ ಕುಳಿತಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ, ಯಾರ ಮಾತಿಗೆ ನಗುತ್ತಿದ್ದಾರೆ ಎಂಬುದು ಅದರಲ್ಲಿ ಇಲ್ಲ. ಆ ನಗು ಮದುವೆಮನೆಯದ್ದೂ ಆಗಿರಬಹುದು. ನನಗೆ ಬೇಕಾದದ್ದು ಸಾಲು: ಸುಲಿದ ಅಡಿಕೆಯ ರಾಶಿ, ಸಿಪ್ಪೆಯ ಗುಡ್ಡೆ, ನಿದ್ದೆ ತೂಗುತ್ತಿರುವ ಹುಡುಗ, ಎಲ್ಲವೂ ಒಟ್ಟಿಗೆ.

ಇಷ್ಟವಿಲ್ಲದಿದ್ದರೂ ಇರಲಿ ಬಿಡು, ಅನ್ನ ಕೇಳುತ್ತದೆಯೇ ಎಂದು ತಮ್ಮ ಹೇಳಿದ. ನಮ್ಮ ಊರಿನಲ್ಲಿ ಲೆನ್ಸ್ ಅನ್ನ ಕೇಳದಿದ್ದರೂ ಆರೈಕೆ ಕೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗೋಡೆಯೇ ಬೆವರುವ ಮನೆಯಲ್ಲಿ, ಬಟ್ಟೆಯ ಚೀಲದೊಳಗೆ ಮರೆತ ಗಾಜಿಗೆ ಜೇಡರ ಬಲೆಯ ಎಳೆಯಂತೆ ಫಂಗಸ್ ಹಬ್ಬುತ್ತದೆ. ಹಾಗೆಯೇ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೂ ಕೆಡಿಸಬಲ್ಲದು. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ನೀಲಿ ಹರಳು ಗುಲಾಬಿಗೆ ತಿರುಗಿದಾಗ ಒಣಗಿಸಿ ಮತ್ತೆ ಹಾಕುವುದು, ಇಷ್ಟೂ ಉಪಚಾರವನ್ನು ಇಷ್ಟಪಡುವ ವಸ್ತುವಿಗಾದರೆ ಮನಸ್ಸಿಟ್ಟು ಮಾಡುತ್ತೇವೆ. ಮನಸ್ಸಿಲ್ಲದ ವಸ್ತುವನ್ನು ಯಾವುದೋ ಒಂದು ಮಳೆಗಾಲದಲ್ಲಿ ಮರೆಯುವುದು ಖಂಡಿತ. ಆಮೇಲೆ ಅದು ಮಾರಲೂ ಬಾರದು.

ಆದ್ದರಿಂದ ಕಳೆದ ವಾರ ಕತ್ತಲೆಯ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ಇಣುಕಿ ನೋಡಿದೆ. ಎರಡು ಧೂಳಿನ ಕಣ ಕಂಡವು, ಎಳೆ ಇರಲಿಲ್ಲ. ಕೊಳ್ಳಲು ಕೇಳಿದವರಲ್ಲಿ ಮೊದಲನೆಯವರು ಮೂರು ಸಾವಿರ ಎಂದರು. ನಾನು ಕೊಟ್ಟದ್ದು ಎಂಟು ಸಾವಿರದ ಒಂಬೈನೂರು. ಆ ದರಕ್ಕೆ ಕೊಡುವ ಬದಲು ಇಟ್ಟುಕೊಳ್ಳುವುದೇ ಮೇಲು ಎಂದು ಒಂದು ದಿನ ಅನ್ನಿಸಿದ್ದೂ ನಿಜ, ಆದರೆ ಅದು ಹೋದ ಹಣದ ಸಂಕಟವೇ ಹೊರತು ಲೆನ್ಸಿನ ಮೇಲಿನ ಪ್ರೀತಿಯಲ್ಲ. ಎರಡನೆಯವರು ಹುಬ್ಬಳ್ಳಿಯವರು. ಅವರ ಬಳಿ ತಂದೆಯವರ ಹಳೆಯ ಫಿಲ್ಮ್ ಕ್ಯಾಮೆರಾ ಇದೆ. ಅದಕ್ಕೆ ಹೊಂದುವ, ಅಪರ್ಚರ್ ರಿಂಗ್ (ಕಿಂಡಿಯನ್ನು ಕೈಯಿಂದ ತಿರುಗಿಸಿ ಹೊಂದಿಸುವ ಬಳೆ) ಇರುವ ಲೆನ್ಸೇ ಬೇಕಂತೆ, ನನ್ನದರಲ್ಲಿ ಅದಿದೆ. ಅಲ್ಲಿ ಐವತ್ತು ಐವತ್ತೇ ಆಗಿರುತ್ತದೆ. ಧೂಳಿನ ಕಣಗಳ ವಿಷಯವನ್ನೂ ತಿಳಿಸಿದೆ. ನಾಲ್ಕು ಸಾವಿರದ ಇನ್ನೂರಕ್ಕೆ ಒಪ್ಪಿದರು. ಮೃಗಶಿರಾ ಮಳೆ ಹಿಡಿಯುವುದರೊಳಗೆ, ಬರುವ ಸೋಮವಾರ, ಹುಬ್ಬಳ್ಳಿಗೆ ಹೋಗಿ ಕೊಟ್ಟು ಬರುತ್ತೇನೆ. ಮುಂದಿನ ಕೊನೆಕೊಯ್ಲಿನ ಹೊತ್ತಿಗೆ ಈ ಹಣಕ್ಕೆ ಇನ್ನಷ್ಟು ಸೇರಿಸಿ 35 ಮಿ.ಮೀ.ನದ್ದು ಕೊಳ್ಳುವ ಯೋಚನೆಯಿದೆ. ಅದೇ ಗೋಡೆಗೆ ಬೆನ್ನು ಹಚ್ಚಿದರೆ ಅದರಲ್ಲಿ ಆರೂವರೆ ಅಡಿ ಸಿಗುತ್ತದೆ. ನಿದ್ದೆ ತೂಗುವ ಹುಡುಗ ಅತ್ತೆಯ ಮಗ್ಗುಲಲ್ಲೇ ಕೂರುವುದರಿಂದ ಅಷ್ಟು ಸಾಕು.